ಫ್ರೇಜ್ ಯಾವುದು, ಕ್ಲಾಜ್ ಯಾವುದು?

ಪ್ರಶ್ನೆ: ಸಾರ್, ನಾನು ಸೋಮವಾರಪೇಟೆ ಕಡೆಯವಳು, ಪಿಯುಸಿ ಓದುತ್ತಿದ್ದೇನೆ. ಇಂಗ್ಲಿಷ್ ಗ್ರಾಮರಿನಲ್ಲಿ ಫ್ರೇಜ್ ಮತ್ತು ಕ್ಲಾಜ್ ಬಂದರೆ ಪ್ರತಿ ಸಲ ಗೊಂದಲ. ಗಿಡ್ಡ ಇದ್ದರೆ ಫ್ರೇಜ್, ಉದ್ದ ಇದ್ದರೆ ಕ್ಲಾಜ್ ಅಂತ ಒಬ್ಬ ಗೆಳತಿ ಹೇಳುತ್ತಾಳೆ. ‘ಆಫ್ಟರ್’ ಇದ್ದರೆ ಕ್ಲಾಜೇ ಅಂತ ಇನ್ನೊಬ್ಬಳು. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ನಂಬಬೇಡಿ. ಉದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ‘ಇಟ್ ರೇನ್ಡ್’ ಎರಡೇ ಪದ, ಆದರೂ ಕ್ಲಾಜ್. ‘ಇನ್ ದ ಬಿಗ್ ಕಾಫಿ ಎಸ್ಟೇಟ್ ಬಿಹೈಂಡ್ ಅವರ್ ಹೌಸ್’ ಇಷ್ಟುದ್ದ ಇದ್ದರೂ ಬರೀ ಫ್ರೇಜ್, ಯಾಕಂದ್ರೆ ಹುಡುಕಿದರೂ ಅದರಲ್ಲಿ ಒಂದು ಕ್ರಿಯಾಪದ ಸಿಗುವುದಿಲ್ಲ. ಕರ್ತೃ ಇರಬೇಕು, ಜೊತೆಗೆ ಕಾಲ ತೋರಿಸುವ ಕ್ರಿಯಾಪದವೂ ಇರಬೇಕು. ಆಗ ಮಾತ್ರ ಕ್ಲಾಜ್.

‘ಆಫ್ಟರ್’ ಎರಡೂ ಕಡೆ ಬರುತ್ತದೆ. ‘ಆಫ್ಟರ್ ದ ರೇನ್’ ಫ್ರೇಜ್. ‘ಆಫ್ಟರ್ ದ ರೇನ್ ಸ್ಟಾಪ್ಡ್’ ಕ್ಲಾಜ್. ‘ಬಿಫೋರ್’, ‘ಸಿನ್ಸ್’, ‘ಅಂಟಿಲ್’ ಕೂಡ ಹೀಗೇ.

ನಮಗೆ ಇಲ್ಲಿ ತೊಡಕಾಗುವುದಕ್ಕೆ ಕನ್ನಡವೇ ಒಂದು ಕಾರಣ ಅನಿಸುತ್ತದೆ. ‘ಮಳೆ ನಿಂತ ಮೇಲೆ ಮಡಿಕೇರಿಗೆ ಹೊರಟೆವು’ ಅನ್ನುತ್ತೇವೆ. ‘ನಿಂತ’ ಅನ್ನೋದು ಪೂರ್ತಿ ಕ್ರಿಯಾಪದವಲ್ಲ, ‘ನಿಂತಿತು’ ಅಂದರೆ ಪೂರ್ತಿ. ಕನ್ನಡದಲ್ಲಿ ಅರ್ಧ ಸಾಕು, ಹಾಗಾಗಿ ಇಂಗ್ಲಿಷಿಗೂ ಅದೇ ಅಭ್ಯಾಸ ಎಳೆದುಕೊಂಡು ಹೋಗಿ ‘ಆಫ್ಟರ್ ರೇನ್ ಸ್ಟಾಪಿಂಗ್’ ಅಂತ ಬರೆದುಬಿಡುತ್ತೇವೆ. ‘ಬಿಕಾಸ್ ಆಫ್ ಇಟ್ ವಾಸ್ ರೇನಿಂಗ್’ ಅಂತ ಬರೆಯುವವರೂ ಜಾಸ್ತಿ. ‘ಬಿಕಾಸ್ ಆಫ್’ ಆದಮೇಲೆ ಫ್ರೇಜ್ ಬರಬೇಕು: ‘ಬಿಕಾಸ್ ಆಫ್ ದ ರೇನ್’. ಬರೀ ‘ಬಿಕಾಸ್’ ಆದರೆ ಕ್ಲಾಜ್: ‘ಬಿಕಾಸ್ ಇಟ್ ವಾಸ್ ರೇನಿಂಗ್’. ಆದರೆ ಅಷ್ಟಕ್ಕೇ ಫುಲ್‌ಸ್ಟಾಪ್ ಇಟ್ಟು ಸುಮ್ನೆ ಕೂರಬೇಡಿ. ಅದು ಅಧೀನ ಕ್ಲಾಜ್, ಜೊತೆಗೆ ಮುಖ್ಯ ಕ್ಲಾಜ್ ಬೇಕೇಬೇಕು.

‘ಇಂಗ್’ ರೂಪವೂ ಮೋಸ ಮಾಡುತ್ತದೆ. ‘ದ ವಿಮೆನ್ ಪಿಕಿಂಗ್ ಕಾಫಿ’ ನೋಡಿದರೆ ಕ್ರಿಯಾಪದ ಇದ್ದ ಹಾಗೆ ಕಾಣುತ್ತದೆ, ಅಲ್ವಾ? ಮುಂದೆ ‘ಸಿಂಗ್’ ಹಾಕಿ, ಆಮೇಲೆ ‘ಸ್ಯಾಂಗ್’ ಹಾಕಿ. ಕಾಲ ಬದಲಾಯಿತು, ‘ಪಿಕಿಂಗ್’ ಕದಲಲಿಲ್ಲ. ಹಾಗಾಗಿ ನಿಮ್ಮ ಸಿಲಬಸ್ ಪ್ರಕಾರ ಅದು ಫ್ರೇಜ್. (ದೊಡ್ಡ ಗ್ರಾಮರ್ ಪುಸ್ತಕಗಳು ಇಂಥದ್ದನ್ನೂ ಒಂದು ಬಗೆಯ ಕ್ಲಾಜ್ ಅನ್ನುತ್ತವೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ಮರೆತುಬಿಡಿ.) ‘ಹೂ ಪಿಕ್ ಕಾಫಿ’ ಅಂದರೆ ‘ಹೂ ಪಿಕ್ಡ್ ಕಾಫಿ’ ಮಾಡಬಹುದು. ಅದು ಕ್ಲಾಜ್.

ನಾಮ, ವಿಶೇಷಣ, ಕ್ರಿಯಾವಿಶೇಷಣ ಅಂತ ಕ್ಲಾಜಿನ ಬಗೆಗಳಿವೆ. ಏನು, ಯಾವ, ಯಾವಾಗ ಅಥವಾ ಯಾಕೆ ಅಂತ ಕೇಳಿದರೆ ಬಹುತೇಕ ಗೊತ್ತಾಗುತ್ತದೆ.

ಈಗ ಒಂದು ವಾಕ್ಯ ಬಿಡಿಸಿ ನೋಡಿ: ‘ಕೊಡಗು, ವಿಚ್ ವಾಸ್ ಎ ಸೆಪರೇಟ್ ಸ್ಟೇಟ್ ಅಂಟಿಲ್ 1956, ಈಸ್ ನೌ ಎ ಡಿಸ್ಟ್ರಿಕ್ಟ್ ಆಫ್ ಕರ್ನಾಟಕ.’ ‘ವಿಚ್’ನಿಂದ ‘1956’ರವರೆಗೆ ವಿಶೇಷಣ ಕ್ಲಾಜ್, ತೆಗೆದರೂ ಉಳಿದದ್ದು ಪೂರ್ತಿ ವಾಕ್ಯವೇ. ಆ ಕ್ಲಾಜಿನ ಹೊಟ್ಟೆಯೊಳಗೇ ‘ಅಂಟಿಲ್ 1956’ ಅನ್ನುವ ಫ್ರೇಜ್ ಕೂತಿದೆ. ಅಲ್ಲಿಗೆ ಬೇರೆ ಗೆರೆ ಎಳೆಯಿರಿ.