ಪಾಪ್ ಮ್ಯೂಸಿಕ್ ವಿಡಿಯೋಗೆ ಮಾಧ್ಯಮ ಸಿದ್ಧಾಂತ ಅನ್ವಯಿಸುವುದು ಹೇಗೆ?

ಸಿನಿಮಾದ ನೋಟದ ಬಗ್ಗೆ ಬರೆದ ಮಲ್ವಿ, ಮ್ಯೂಸಿಕ್ ವಿಡಿಯೋ ಬಗ್ಗೆ ಬರೆದ ಗುಡ್ವಿನ್, ಪ್ರೇಕ್ಷಕರು ಅರ್ಥ ಮಾಡಿಕೊಳ್ಳುವ ಬಗೆ ಕುರಿತು ಬರೆದ ಹಾಲ್, ಈ ಮೂವರನ್ನೂ ಓದಿದ್ದೀರಿ, ಆದರೆ ಪ್ರಬಂಧ ಬರೆಯಲು ಕೂತರೆ ವಿಡಿಯೋದ ಕಥೆ ಹೇಳಿದಂತಾಗುತ್ತದೆ ಅಂತ ಕೇಳಿದ್ದೀರಿ. ಸಾಕ್ಷ್ಯ ಕೂಡಿಹಾಕುವ ಮೊದಲೇ ಸಿದ್ಧಾಂತ ಹಿಡಿದು ಹೊರಟರೆ ಹೀಗಾಗುತ್ತದೆ.

1500 ಪದದ ಪ್ರಬಂಧಕ್ಕೆ ಮೂವರೂ ಬೇಡ. ಒಂದು ಸಿದ್ಧಾಂತ ಮುಖ್ಯವಾಗಿರಲಿ, ಇನ್ನೊಂದು ಅದಕ್ಕೆ ಅಡ್ಡಪ್ರಶ್ನೆ ಹಾಕಲು. ಇಡೀ ಹಾಡೂ ಬೇಡ, ಪಲ್ಲವಿ ಬರುವ ಕಡೆ 30 ಸೆಕೆಂಡು ಸಾಕು. ಅದನ್ನು ಮೊದಲು ಶಬ್ದ ತೆಗೆದು ನೋಡಿ, ಆಮೇಲೆ ಪರದೆ ಮುಚ್ಚಿ ಕೇಳಿ, ಕೊನೆಗೆ ಎರಡೂ ಸೇರಿಸಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನಿಲ್ಲಿಸಿ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ್ದು ಒತ್ತಿದರೆ ಒಂದು ಹಿಂದೆ ಹೋಗುತ್ತದೆ. ಶಾಟಿಗೊಂದು ಸಾಲಿನಂತೆ ಬರೆದುಕೊಳ್ಳಿ: ಸಮಯ, ಕ್ಲೋಸಪ್ಪೋ ಲಾಂಗೋ, ಕ್ಯಾಮೆರಾ ಚಲನೆ, ಆಗ ಕೇಳುವ ಸಾಹಿತ್ಯ, ಯಾರು ಯಾರನ್ನು ನೋಡುತ್ತಿದ್ದಾರೆ.

ಎಣಿಕೆಯೂ ಬೇಕು. 30 ಸೆಕೆಂಡಿಗೆ 24 ಶಾಟ್ ಅಂದರೆ ಸರಾಸರಿ 1.25 ಸೆಕೆಂಡು. ಹಾಡು ನಿಮಿಷಕ್ಕೆ 120 ಬೀಟಿನದಾದರೆ ನಾಲ್ಕು ಬೀಟಿನ ಬಾರ್ 2 ಸೆಕೆಂಡು. ಬಾರಿನ ಮೊದಲ ಬೀಟಿಗೇ ಬೀಳುತ್ತಿದ್ದ ಕಟ್ ಎಲ್ಲಾದರೂ ತಪ್ಪಿದರೆ ಅಲ್ಲಿ ನಿಲ್ಲಿ, ನಿಮ್ಮ ಒಂದು ಪ್ಯಾರಾ ಅಲ್ಲೇ ಇರಬಹುದು. ಶಬ್ದದ ಬಗ್ಗೆ ಒಂದು ಸಾಲೂ ಇಲ್ಲದ ಮ್ಯೂಸಿಕ್ ವಿಡಿಯೋ ವಿಶ್ಲೇಷಣೆಗಳಿಗೇನೂ ಬರವಿಲ್ಲ!

ಸಾಹಿತ್ಯ ಮತ್ತು ದೃಶ್ಯದ ಸಂಬಂಧಕ್ಕೆ ಆಂಡ್ರ್ಯೂ ಗುಡ್ವಿನ್ ಅನುಕೂಲ. ದೃಶ್ಯ ಸಾಹಿತ್ಯವನ್ನೇ ತೋರಿಸಬಹುದು, ಅದಕ್ಕೆ ಹೊಸ ಅರ್ಥ ಸೇರಿಸಬಹುದು, ಇಲ್ಲವೇ ಅದಕ್ಕೆ ಸಂಬಂಧವೇ ಇಲ್ಲದಂತೆ ಇರಬಹುದು. ಎಡವುವುದು ಎರಡನೆಯ ಮತ್ತು ಮೂರನೆಯದರ ನಡುವೆ. ‘ನಾನು ಒಂಟಿ’ ಎಂಬ ಸಾಲಿಗೆ ಗಾಯಕಿ ಕಿಕ್ಕಿರಿದ ಪಾರ್ಟಿಯಲ್ಲಿ ನಿಂತಿದ್ದಾಳೆ ಅಂದುಕೊಳ್ಳಿ. ಸಂಬಂಧವಿಲ್ಲ ಎಂದು ಬರೆದುಬಿಡುತ್ತಾರೆ. ಆದರೆ ಅವಳ ಮುಖ ಮಾತ್ರ ಫೋಕಸ್‌ನಲ್ಲಿದ್ದು ಸುತ್ತಲಿನವರೆಲ್ಲ ಮಸುಕಾಗಿದ್ದರೆ ಒಂಟಿತನ ಇನ್ನಷ್ಟು ಗಟ್ಟಿಯಾಯಿತು, ಅದು ಎರಡನೆಯದು.

ಹೆಚ್ಚು ಕೆಡುವುದು ಲಾರಾ ಮಲ್ವಿ ವಿಷಯದಲ್ಲಿ. ಅವರ 1975ರ ಪ್ರಬಂಧ ‘ವಿಷುವಲ್ ಪ್ಲೆಷರ್ ಅಂಡ್ ನರೇಟಿವ್ ಸಿನಿಮಾ’ ಹಾಲಿವುಡ್ ಕಥಾಚಿತ್ರಗಳ ಕುರಿತದ್ದು. ಅಲ್ಲಿ ಕ್ಯಾಮೆರಾದ ನೋಟ, ಪ್ರೇಕ್ಷಕರ ನೋಟ, ಪಾತ್ರಗಳ ಪರಸ್ಪರ ನೋಟ ಎಂದು ಮೂರಿವೆ. ಮೊದಲೆರಡು ಮೂರನೆಯದರ ಹಿಂದೆ ಅಡಗಿರುತ್ತವೆ. ಪಾಪ್ ವಿಡಿಯೋದಲ್ಲಿ ಗಾಯಕಿ ನೇರ ಲೆನ್ಸಿಗೇ ಕಣ್ಣಿಟ್ಟು ಹಾಡುತ್ತಾಳೆ, ಆ ಅಡಗುವಿಕೆ ಅಲ್ಲೇ ಮುರಿಯುತ್ತದೆ. ಆದ್ದರಿಂದ ‘ಇಲ್ಲಿ ಪುರುಷ ನೋಟವಿದೆ’ (ಹೆಣ್ಣನ್ನು ಗಂಡಿನ ಕಣ್ಣಿಗೆ ವಸ್ತುವಾಗಿ ತೋರಿಸುವುದು) ಎಂದು ಬರೆದರೆ ಸಾಲದು. ಶಾಟ್‌ಗಳ ಕ್ರಮ ನೋಡಿ: ಗಂಡಸು ನೋಡುತ್ತಾನೆ, ಕಟ್, ಸೊಂಟದ ಕ್ಲೋಸಪ್, ಕಟ್, ಮತ್ತೆ ಅವನ ಮುಖ. ಇದ್ದರೆ ಅದು ಸಾಕ್ಷ್ಯ. ನೋಡುವವನೇ ಇಲ್ಲದೆ ದೇಹದ ತುಣುಕುಗಳಷ್ಟೇ ಬಂದರೆ ಆ ನೋಟ ಕ್ಯಾಮೆರಾದ್ದು. ಅವಳು ತಿರುಗಿ ನೋಡಿದರೂ ನಿಯಂತ್ರಣ ಅವಳದೇ ಆಯಿತು ಎನ್ನಲು ಅವಸರ ಬೇಡ. ಮುಖದ ಕ್ಲೋಸಪ್ಪುಗಳು ತಾರೆಯನ್ನು ಮಾರಲು ಲೇಬಲ್ಲಿಗೂ (ಹಾಡು ಹೊರತರುವ ಕಂಪನಿಗೂ) ಬೇಕು. ಇದು ಗುಡ್ವಿನ್ ಮಾತು, ಅಡ್ಡಪ್ರಶ್ನೆ ಹುಟ್ಟುವುದೂ ಇಲ್ಲೇ.

ಸ್ಟುವರ್ಟ್ ಹಾಲ್‌ನ ಮೂರು ಓದುಗಳನ್ನು, ಅಂದರೆ ಪ್ರೇಕ್ಷಕರು ಉದ್ದೇಶಿತ ಅರ್ಥವನ್ನು ಸ್ವೀಕರಿಸುವ ಮೂರು ಬಗೆಗಳನ್ನು (ಒಪ್ಪುವ, ಭಾಗಶಃ ಒಪ್ಪುವ, ವಿರೋಧಿಸುವ) ವಿಡಿಯೋ ಒಂದರಿಂದಲೇ ಹೇಳಲಾಗದು. ಅದರಲ್ಲಿ ಸಿಗುವುದು ಯಾವ ಓದಿಗೆ ಒತ್ತು ಇದೆ ಎಂಬುದಷ್ಟೇ. ಹಾಡು ಹಿಡಿಸದಿರುವುದು ವಿರೋಧದ ಓದಲ್ಲ. ಉದ್ದೇಶಿತ ಅರ್ಥ ತಿಳಿದೂ ಬೇರೆ ಚೌಕಟ್ಟಿನಲ್ಲಿಟ್ಟು ಓದಿದರೆ ಮಾತ್ರ ಅದು. ಕಾಮೆಂಟುಗಳನ್ನು ಬಳಸುವುದಾದರೆ ಮೇಲೆ ತೇಲಿ ಬಂದವನ್ನು ಬಿಟ್ಟು, ಹೊಸದು ಮೊದಲು ಬರುವಂತೆ ಜೋಡಿಸಿ 50-60 ಓದಿ, ನೋಡಿದ ದಿನಾಂಕವನ್ನೂ ಬರೆದಿಡಿ.