ಓದುಗರ ಪ್ರಶ್ನೆ: ಬೇರೆ ಬೈಕಿನ ಮುಂದಿನ ಚಕ್ರ ನನ್ನ ಬೈಕಿಗೆ ಕೂರುತ್ತದೆಯೇ?

ಬೈಕಿನ ಹೆಸರು ಮಾತ್ರ ಬದಲಾಗುತ್ತದೆ, ಪ್ರಶ್ನೆ ಅದೇ. ಈ ಸಲ ಪೂರ್ತಿ ಉತ್ತರಿಸಿಬಿಡುತ್ತೇನೆ. ಚಕ್ರ ಬಿಚ್ಚುವುದು, ಬೈಕನ್ನು ಭದ್ರವಾಗಿ ಎತ್ತಿ ನಿಲ್ಲಿಸುವುದು ಇಲ್ಲಿ ಹೇಳುವ ವಿಷಯವಲ್ಲ. ಅದು ಬಾರದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ನನ್ನದು 1970ರ ದಶಕದ 350 ಸಿಸಿ ಬೈಕು. ಮುಂದೆ ಡ್ರಮ್ ಬ್ರೇಕ್, 19 ಇಂಚಿನ ಚಕ್ರ. ಅದೇ ಕಂಪನಿಯ 500 ಸಿಸಿ ಬೈಕಿನ ಡಿಸ್ಕ್ ಚಕ್ರ ಸಿಕ್ಕಿದೆ. ಎರಡರ ಆಕ್ಸಲ್ಲೂ ಒಂದೇ ದಪ್ಪ. ನೇರವಾಗಿ ಹಾಕಬಹುದೇ?

ಆಗುವುದಿಲ್ಲ. ಆಕ್ಸಲ್ ಒಂದೇ ದಪ್ಪ ಇರುವುದು ಇಡೀ ಲೆಕ್ಕದಲ್ಲಿ ಅತಿ ಸಣ್ಣ ಸಂಗತಿ. ಡಿಸ್ಕನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರನ್ನು ಎಲ್ಲಿ ಕಟ್ಟುತ್ತೀರಿ? ಡ್ರಮ್ ಬೈಕಿನ ಫೋರ್ಕ್ ಬಾಟಮ್‌ನಲ್ಲಿ (ಫೋರ್ಕಿನ ಕೆಳಗಿನ ಕಾಲು) ಅದನ್ನು ಬೋಲ್ಟ್ ಮಾಡುವ ಕಿವಿ ಸಾಮಾನ್ಯವಾಗಿ ಇರುವುದಿಲ್ಲ. ಎರಕದ ಅಲ್ಯೂಮಿನಿಯಂಗೆ ಕಿವಿ ಬೆಸೆದು ಕೊಡುತ್ತೇವೆ ಎನ್ನುವವರಿದ್ದಾರೆ. ಜೋರಾಗಿ ಬ್ರೇಕ್ ಹಿಡಿದ ದಿನ ಆ ಬೆಸುಗೆ ಕಿತ್ತು ಬಂದರೆ ಕ್ಯಾಲಿಪರ್ ಕಡ್ಡಿಗಳ ಮಧ್ಯೆ ಹೋಗಿ ಸಿಕ್ಕುತ್ತದೆ. ಹಾಗಾಗಿ ಬಾಟಮ್ ಬೇಕು, ಬಾಟಮ್‌ಗೆ ಅದರದೇ ಪೈಪ್ ಬೇಕು, ಪೈಪಿನ ದಪ್ಪ ಬೇರೆಯಾದರೆ ಟಿ (ಎರಡು ಫೋರ್ಕ್ ಪೈಪ್‌ಗಳನ್ನು ಹಿಡಿಯುವ ಅಡ್ಡ ತುಂಡು) ಕೂಡ ಬೇಕು. ಚಕ್ರ, ಆಕ್ಸಲ್, ಬುಷ್‌ಗಳು, ಮೀಟರ್ ಗೇರ್, ಫೋರ್ಕ್, ಮೇಲಿನ-ಕೆಳಗಿನ ಟಿ, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಒಂದೇ ಬೈಕಿನಿಂದ ತನ್ನಿ. ಒಂದೊಂದನ್ನು ಒಂದೊಂದು ಕಡೆಯಿಂದ ಆರಿಸಿ ತಂದರೆ ಕೊನೆಗೆ ಹೆಚ್ಚು ಖರ್ಚಾಗುವುದೂ ಅದಕ್ಕೇ, ಬೈಕ್ ಹಾಳಾಗುವುದೂ ಅದಕ್ಕೇ.

ಕೊಳ್ಳುವ ಮೊದಲು ವರ್ನಿಯರ್ ಹಿಡಿದು ಹೋಗಿ. ಮೊದಲು ಸ್ಟೆಮ್ (ಕೆಳಗಿನ ಟಿಯಿಂದ ಎದ್ದು ಫ್ರೇಮಿನೊಳಗೆ ತಿರುಗುವ ಕೊಳವೆ): ಎರಡು ಬೇರಿಂಗ್ ಕೂರುವ ಜಾಗಗಳ ನಡುವಿನ ಉದ್ದ, ಆ ಎರಡೂ ಜಾಗಗಳ ವ್ಯಾಸ, ಜೊತೆಗೆ ನಿಮ್ಮ ಫ್ರೇಮಿನಲ್ಲಿ ಬೇರಿಂಗ್ ಕಪ್ ಕೂರುವ ಒಳ ವ್ಯಾಸ. ಉದ್ದ ಸರಿಯಿದ್ದು ವ್ಯಾಸ ಮಾತ್ರ ಬೇರೆಯಾದರೆ, ಹೊಸ ಸ್ಟೆಮ್ಮಿಗೂ ಹಳೆಯ ಫ್ರೇಮಿಗೂ ಹೊಂದುವ ಟೇಪರ್ ರೋಲರ್ ಬೇರಿಂಗ್ ಹುಡುಕಿ. ಉದ್ದವೇ ಬೇರೆಯಾದರೆ ನಿಮ್ಮ ಹಳೆಯ ಸ್ಟೆಮ್ಮನ್ನು ಪ್ರೆಸ್‌ನಲ್ಲಿ ತೆಗೆದು ಹೊಸ ಕೆಳಗಿನ ಟಿಗೆ ಕೂರಿಸಬೇಕು. ಬಿಗಿ ಸಾಲದಿದ್ದರೆ ಅದು ಲೇತ್ ಕೆಲಸ. ಸ್ಟೆಮ್ಮನ್ನು ಕತ್ತರಿಸಿ ಬೆಸೆದು ಉದ್ದ ಮಾಡಿಕೊಡುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟು ಹೊಂದಿದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಯಾರೂ ಅಳೆಯದೇ ಬಿಡುವುದು ಟಿಯ ಆಫ್‌ಸೆಟ್, ಅಂದರೆ ಸ್ಟೆಮ್ಮಿನ ಮಧ್ಯದಿಂದ ಎರಡು ಪೈಪ್‌ಗಳ ಮಧ್ಯರೇಖೆಗೆ ಇರುವ ದೂರ. ಆಕ್ಸಲ್ ಪೈಪಿಗಿಂತ ಮುಂದೆ ಇದ್ದರೆ ಆ ದೂರವನ್ನೂ ಇದಕ್ಕೆ ಕೂಡಿಸಿ. ಸ್ಟೆಮ್ಮಿನ ರೇಖೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರವೇ ಟ್ರೇಲ್, ಬೈಕ್ ನೇರ ಓಡುವುದು ಅದರಿಂದ. 27 ಡಿಗ್ರಿ ವಾಲಿದ ಸ್ಟೆಮ್, 3.25-19 ಟೈರ್ (ತ್ರಿಜ್ಯ ಸುಮಾರು 323 ಮಿ.ಮೀ.), 55 ಮಿ.ಮೀ. ಆಫ್‌ಸೆಟ್ ಇದ್ದರೆ ಟ್ರೇಲ್ ಸುಮಾರು 103 ಮಿ.ಮೀ. ಬರುತ್ತದೆ. ಆಫ್‌ಸೆಟ್ 70 ಆದರೆ 86ಕ್ಕೆ ಇಳಿಯುತ್ತದೆ. ವೇಗದಲ್ಲಿ ಗುಂಡಿಗೆ ಬಿದ್ದಾಗ ಹ್ಯಾಂಡಲ್ ನಡುಗುವ ಸಾಧ್ಯತೆ ಹೆಚ್ಚು. 40 ಆದರೆ 120ರ ಹತ್ತಿರ. ನಿಧಾನ ತಿರುವಿನಲ್ಲಿ ಹ್ಯಾಂಡಲ್ ಭಾರ. ಚಕ್ರವನ್ನು 18 ಇಂಚಿಗೆ ಇಳಿಸಿದರೆ ಟ್ರೇಲ್ ನೇರವಾಗಿ ಕಡಿಮೆಯಾಗುವುದು 6-7 ಮಿ.ಮೀ. ಮಾತ್ರ. ಎಲ್ಲರೂ ಚಿಂತಿಸುವುದು ಚಕ್ರದ ಅಳತೆಯ ಬಗ್ಗೆ, ತೊಂದರೆ ಕೊಡುವುದು ಟಿ. ಫೋರ್ಕಿನ ಉದ್ದವನ್ನೂ ನೋಡಿ: ಮುಂಭಾಗ 25 ಮಿ.ಮೀ. ತಗ್ಗಿದರೆ ಸ್ಟೆಮ್ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ, ಟ್ರೇಲ್ ಇನ್ನೂ ಕುಗ್ಗುತ್ತದೆ.

ಇನ್ನು ಹಬ್, ಅಂದರೆ ಚಕ್ರದ ನಡುಭಾಗ. ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆ ಇರುತ್ತದೆ. ಅದನ್ನು ಮರೆತು ಅಥವಾ ಗಿಡ್ಡದ್ದನ್ನು ಹಾಕಿ ಆಕ್ಸಲ್ ನಟ್ ಬಿಗಿದರೆ ಒಳ ರೇಸ್‌ಗಳು (ಬೇರಿಂಗಿನ ಒಳ ಬಳೆಗಳು) ಒಂದರ ಕಡೆಗೊಂದು ಒತ್ತಿ ಬೇರಿಂಗ್ ಬೇಗನೆ ಸಾಯುತ್ತದೆ. ಕೊಳವೆ ಹಬ್ಬಿನಲ್ಲಿ ಬೇರಿಂಗ್ ಕೂರುವ ಎರಡು ಮೆಟ್ಟಿಲುಗಳ ಅಂತರದಷ್ಟೇ ಇರಬೇಕು, ಇಲ್ಲವೇ 0.1 ಮಿ.ಮೀ. ಉದ್ದ ಇರಲಿ, ಗಿಡ್ಡ ಮಾತ್ರ ಬೇಡ. ಬೇರಿಂಗ್ ಬದಲಿಸಿ ಆಕ್ಸಲ್ಲಿಗೆ ಹೊಂದಿಸುವವರಿಗೆ ಒಂದು ಮಾತು: 6202 ನಂಬರಿನ ಬೇರಿಂಗ್ (ಒಳ ವ್ಯಾಸ 15 × ಹೊರ ವ್ಯಾಸ 35 × ದಪ್ಪ 11 ಮಿ.ಮೀ.) ಕೂರುವ ಹಬ್ಬಿಗೆ 17 ಮಿ.ಮೀ. ಆಕ್ಸಲ್ ಬೇಕೆಂದರೆ 6003 (17×35×10) ಕೂರುತ್ತದೆ. ಆದರೆ ಅದು 1 ಮಿ.ಮೀ. ತೆಳು, ಭಾರ ತಾಳುವ ಶಕ್ತಿಯೂ ಕಡಿಮೆ. 6302ರ ಹೊರ ವ್ಯಾಸ 42, 6303ರದ್ದು 47. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ರಿಮ್ ಕೂರಬೇಕಾದದ್ದು ಸ್ಟೆಮ್ಮಿನ ನೇರಕ್ಕೆ, ಹಬ್ಬಿನ ನಡುವಿಗಲ್ಲ. ಎರಡೂ ಫೋರ್ಕ್ ಪೈಪ್‌ಗಳಿಂದ ರಿಮ್ಮಿಗೆ ಅಳೆಯಿರಿ. ಎರಡು-ಮೂರು ಮಿ.ಮೀ. ವ್ಯತ್ಯಾಸವನ್ನು ಕಡ್ಡಿ ಎಳೆದು ಸರಿಪಡಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಬುಷ್ ಹೊಸದಾಗಿ ಕಡೆಸಿ, ಇಲ್ಲವೇ ಬೇರೆ ಉದ್ದದ ಕಡ್ಡಿ ಹಾಕಿಸಿ.

ಎಲ್ಲ ಸೇರಿಸಿದ ಮೇಲೆ ಎಣ್ಣೆ ಹಾಕುವ ಮೊದಲು ಸ್ಪ್ರಿಂಗ್ ತೆಗೆದು ಫೋರ್ಕನ್ನು ತಳ ಮುಟ್ಟುವವರೆಗೆ ಒತ್ತಿ. ಟೈರ್ ಅಥವಾ ಮಡ್‌ಗಾರ್ಡ್ ಕೆಳಗಿನ ಟಿಗಾಗಲಿ ಸೈಲೆನ್ಸರ್ ಪೈಪಿಗಾಗಲಿ ತಾಗಬಾರದು. ಅದೇ ಸ್ಥಿತಿಯಲ್ಲಿ ಹ್ಯಾಂಡಲನ್ನು ಎಡ-ಬಲ ಪೂರ್ತಿ ತಿರುಗಿಸಿ: ಫೋರ್ಕ್ ಪೈಪ್ ಟ್ಯಾಂಕಿಗೆ ಬಡಿಯಬಾರದು, ಬ್ರೇಕ್ ಹೋಸ್ ಬಿಗಿಯಬಾರದು, ಹ್ಯಾಂಡಲನ್ನು ಕೊನೆಯಲ್ಲಿ ತಡೆಯುವ ಲಾಕ್ ಸ್ಟಾಪ್ ಕೆಲಸ ಮಾಡಬೇಕು. ಕೊನೆಗೆ ಆಕ್ಸಲ್ ನಟ್ ಬಿಗಿದು, ಸ್ಪ್ರಿಂಗ್ ಹಾಕಿ, ಫೋರ್ಕನ್ನು ನಾಲ್ಕಾರು ಸಲ ಕುಣಿಸಿ, ಆಮೇಲೆ ಫೋರ್ಕಿನ ಬುಡದಲ್ಲಿ ಆಕ್ಸಲ್ ಹಿಡಿಯುವ ಕ್ಲಾಂಪ್ ನಟ್‌ಗಳನ್ನು ಬಿಗಿಯಿರಿ. ಮೊದಲೇ ಕ್ಲಾಂಪ್ ಬಿಗಿದರೆ ಎರಡು ಕಾಲುಗಳು ಒಂದಕ್ಕೊಂದು ಓರೆಯಾಗಿ ಫೋರ್ಕ್ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಡ್ರಮ್ ಚಕ್ರ ಸಿಕ್ಕಿದೆ, ಆದರೆ ಬ್ರೇಕ್ ಪ್ಲೇಟ್ ತಡೆಯುವ ಗುಬುಟು ನನ್ನ ಫೋರ್ಕಿನ ಇನ್ನೊಂದು ಬದಿಯಲ್ಲಿದೆ. ಚಕ್ರ ತಿರುಗಿಸಿ ಹಾಕಲೇ?

ಶೂಗಳನ್ನು ಹೊರಕ್ಕೆ ತಳ್ಳುವ ಕ್ಯಾಮ್ ಎರಡಿರುವ ಪ್ಲೇಟಾದರೆ ಖಂಡಿತ ಬೇಡ. ಚಕ್ರ ಉಲ್ಟಾ ಸುತ್ತುವುದರಿಂದ ಎರಡೂ ಶೂಗಳು ಕಚ್ಚುವ ಬದಲು ಜಾರತೊಡಗುತ್ತವೆ, ಬ್ರೇಕ್ ಹೆಸರಿಗೆ ಮಾತ್ರ ಉಳಿಯುತ್ತದೆ. ಇನ್ನು ಪ್ಲೇಟಿಗೆ ತಡೆಯೇ ಇಲ್ಲದೆ, 'ಆಕ್ಸಲ್ ಬಿಗಿ ಇದ್ದರೆ ಸಾಕು' ಎಂದು ಓಡಿಸುವವರಿಗೆ: ಮೊದಲ ಗಟ್ಟಿ ಬ್ರೇಕಿಗೆ ಪ್ಲೇಟ್ ಚಕ್ರದ ಜೊತೆ ಸುತ್ತುತ್ತದೆ, ಕೇಬಲ್ ಸುತ್ತಿಕೊಳ್ಳುತ್ತದೆ, ಚಕ್ರ ಲಾಕ್ ಆಗುತ್ತದೆ.

ಪ್ರಶ್ನೆ: ಪೈಪ್ 35 ಮಿ.ಮೀ., ಟಿ 36. ತಗಡು ಸುತ್ತಬಹುದೇ?

ಬೇಡ.

ಪ್ರಶ್ನೆ: ಒಂದು ಡಿಸ್ಕ್ ಇದ್ದಲ್ಲಿ ಎರಡು ಹಾಕಿದೆ, ಈಗ ಲಿವರ್ ಗ್ರಿಪ್ ಮುಟ್ಟುತ್ತದೆ. ಗಾಳಿ ಎಷ್ಟು ತೆಗೆದರೂ ಅಷ್ಟೇ.

ಗಾಳಿಯಲ್ಲ. ಲಿವರ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಅದೇ ಮಾಸ್ಟರ್ ಸಿಲಿಂಡರ್ ಈಗ ಎರಡರಷ್ಟು ಎಣ್ಣೆ ತಳ್ಳಬೇಕು. ಅದರ ಒಳ ವ್ಯಾಸ 14 ಮಿ.ಮೀ. ಇದ್ದಲ್ಲಿ 16ರ ಆಸುಪಾಸಿನದು ಹಾಕಿ. ಒಂದು ಸಲಕ್ಕೆ ತಳ್ಳುವ ಎಣ್ಣೆ ಸುಮಾರು ಶೇ. 30 ಹೆಚ್ಚುತ್ತದೆ.

ಪ್ರಶ್ನೆ: 19ರ ಬದಲು 18 ಇಂಚು ಹಾಕಿದ ಮೇಲೆ ಮೀಟರ್ ಹೆಚ್ಚು ತೋರಿಸುತ್ತಿದೆ.

ತೋರಿಸಲೇಬೇಕು, ಸುಮಾರು ಶೇ. 4. ಕೇಬಲ್ ಬದಲಿಸಿ ದುಡ್ಡು ಕಳೆಯಬೇಡಿ. 18 ಇಂಚಿಗೆ ಮಾಡಿದ ಮೀಟರ್ ಗೇರ್ ಸಿಕ್ಕರೆ ಹಾಕಿ, ಸಿಗದಿದ್ದರೆ ಹಾಗೇ ಓಡಿಸಿ.

ಪ್ರಶ್ನೆ: ಮಾರುವವರು 'ಎಲ್ಲ ಹೋಂಡಾಗೂ ಆಗುತ್ತದೆ' ಎನ್ನುತ್ತಾರೆ.

ಪಾರ್ಟ್ ನಂಬರ್ ಕೇಳಿ. ಹಳೆಯ ಹೋಂಡಾ ನಂಬರಿನ ನಡುವಿನ ಮೂರು ಅಂಕಿ, ಆ ಭಾಗವನ್ನು ಮೊದಲು ಯಾವ ಮಾಡೆಲ್‌ಗೆ ಮಾಡಿದರು ಎಂದು ಹೇಳುತ್ತವೆ: 300 ಎಂದರೆ ಸಿಬಿ750, 323 ಎಂದರೆ ಸಿಬಿ500. ನಂಬರ್ ಕೊಡದವರಿಂದ ಕೊಳ್ಳಬೇಡಿ.