ಟೇಕಾಫ್ ಓಟದಲ್ಲೇ ಜೈರೋಪ್ಲೇನ್ ಎಡಕ್ಕೆ ಮಗುಚಲು ಕಾರಣವೇನು?

ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ಗಾಳಿಯೂ ಜೋರಿರಲಿಲ್ಲ, ಆದರೂ ವಿಡಿಯೋದಲ್ಲಿ ಜೈರೋಪ್ಲೇನ್ (ತಲೆಯ ಮೇಲೆ ಹೆಲಿಕಾಪ್ಟರಿನಂಥ ರೆಕ್ಕೆಯಿದ್ದು ಪ್ರೊಪೆಲರಿನ ಬಲದಿಂದ ಮುಂದೆ ಸಾಗುವ ಸಣ್ಣ ವಿಮಾನ) ಟೇಕಾಫ್ ವೇಳೆ ಎಡಕ್ಕೆ ಉರುಳಿತು, ಯಾಕೆ ಎಂದು ಕೇಳಿದ್ದೀರಿ. ಸಕಲೇಶಪುರದ ಕಡೆಯವರು, ನಿಮಗೂ ಕಲಿಯುವ ಆಸೆಯಿದೆ ಎಂದೂ ಬರೆದಿದ್ದೀರಿ. ನಾನು ಹಾಸನದವನು, ಈ ಯಂತ್ರ ಹಾರಿಸಲು ಕಲಿತವನು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಮೊದಲ ಅನುಮಾನ ಎಂಜಿನ್ ಮೇಲಲ್ಲ, ರೋಟರ್ ಮೇಲೆ, ಅಂದರೆ ತಲೆಯ ಮೇಲೆ ತಿರುಗುವ ಆ ರೆಕ್ಕೆಯ ಮೇಲೆ. ಅದು ಸಾಕಷ್ಟು ಸುತ್ತು ಹಿಡಿಯುವ ಮೊದಲೇ ಪೈಲಟ್ ಥ್ರಾಟಲ್ ಕೊಟ್ಟು ಎಂಜಿನ್ನಿನ ಬಲ ಏರಿಸಿರಬೇಕು.

ಹೆಲಿಕಾಪ್ಟರಿನ ಹಾಗೆ ಇಲ್ಲಿ ಹಾರುವಾಗ ರೋಟರನ್ನು ಎಂಜಿನ್ ತಿರುಗಿಸುವುದಿಲ್ಲ. ನಿಂತಲ್ಲೇ ಪ್ರಿರೊಟೇಟರ್ ಎಂಬ, ಓಟಕ್ಕೆ ಮೊದಲು ರೋಟರ್ ತಿರುಗಿಸಿಕೊಡುವ ಸಾಧನದಿಂದ ನಿಮಿಷಕ್ಕೆ 200 ಸುತ್ತಿನ ಆಸುಪಾಸು ತಂದುಕೊಳ್ಳುತ್ತೇವೆ. ಹಾರಲು ಬೇಕಾದ 300ಕ್ಕೂ ಮೇಲಿನ ಸುತ್ತನ್ನು ಓಟದಲ್ಲಿ ಎದುರುಗಾಳಿಯೇ ಕೊಡಬೇಕು. ಅದಕ್ಕೇ ಸ್ಟಿಕ್ (ರೋಟರನ್ನು ವಾಲಿಸುವ ಹಿಡಿ) ಪೂರ್ತಿ ಹಿಂದಕ್ಕೆಳೆದು ನಿಧಾನವಾಗಿ ವೇಗ ಏರಿಸುವುದು. ನಿಂತಾಗ ಜೋತುಬಿದ್ದಿರುವ ಬ್ಲೇಡಿಗೆ ಬಿಗಿ ಬರುವುದು ಸುತ್ತಿನಿಂದಲೇ. ಸುತ್ತು ಕಡಿಮೆಯಿದ್ದು ಓಟ ಜೋರಾದರೆ ಮುಂದಕ್ಕೆ ಬರುವ ಬ್ಲೇಡಿಗೆ ಎತ್ತುವ ಬಲ ವಿಪರೀತ, ಹಿಂದಕ್ಕೆ ಹೋಗುವುದಕ್ಕೆ ಏನೂ ಇಲ್ಲ. ಬ್ಲೇಡ್‌ಗಳು ಮೇಲೆ ಕೆಳಗೆ ಬಡಿದಾಡಿ ಬಾಲಕ್ಕೋ ನೆಲಕ್ಕೋ ತಾಗುತ್ತವೆ. ಬಹುತೇಕ ಯಂತ್ರಗಳಲ್ಲಿ ಹಿಂದಕ್ಕೆ ಹೋಗುವ ಬ್ಲೇಡ್ ಎಡಗಡೆ ಇರುವುದರಿಂದ ಉರುಳುವುದೂ ಎಡಕ್ಕೇ.

ಇದು ಹಳೆಯ ಕಾಟ. ಈ ಬಗೆಯ ಯಂತ್ರವನ್ನು ಕಂಡುಹಿಡಿದ ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ಅವರ ಮೊದಮೊದಲ ಯಂತ್ರಗಳೂ ಪಕ್ಕಕ್ಕೆ ಉರುಳಿದವು. ಎರಡೂ ಕಡೆಯ ಬಲ ಸಮವಾಗುವಂತೆ ಬ್ಲೇಡ್ ಮೇಲೆ ಕೆಳಗೆ ಆಡಲು ಅದರ ಬುಡಕ್ಕೆ ಕೀಲು ಕೊಟ್ಟ ಮೇಲೆ, 1923ರ ಜನವರಿಯಲ್ಲಿ, ಅವರ ಸಿ.4 ಎಂಬ ಯಂತ್ರ ಹಾರಿತು. ಆದರೆ ಆ ಕೀಲಿಗೂ ಒಂದು ಮಿತಿಯಿದೆ.

ಕಲಿಯುವಾಗ ಒಮ್ಮೆ ನಾನೇ ಅವಸರ ಮಾಡಿದೆ. ಓಟ ಶುರುವಾಗಿ ಕೆಲವೇ ಕ್ಷಣ, ಸ್ಟಿಕ್ ಒರಳಿಗೆ ಒನಕೆ ಬಿದ್ದಂತೆ ಕೈಯಲ್ಲಿ ಕುಟ್ಟತೊಡಗಿತು. ಹಿಂದೆ ಕೂತಿದ್ದ ಗುರುಗಳು ತಕ್ಷಣ ಥ್ರಾಟಲ್ ಇಳಿಸಿ ಸ್ಟಿಕ್ ಮುಂದಕ್ಕೆ ತಳ್ಳಿದರು. ಯಂತ್ರ ನಿಂತ ಮೇಲೂ ನನ್ನ ಮೊಣಕಾಲು ನಡುಗುತ್ತಿತ್ತು. ಆ ಕುಟ್ಟು ನಿಮ್ಮ ಕೈಗೆ ಎಂದಾದರೂ ಬಂದರೆ ಮುಂದೆ ಸರಿಹೋಗುತ್ತದೆಂದು ದಯವಿಟ್ಟು ಕಾಯಬೇಡಿ.

ಎರಡನೇ ಸಾಧ್ಯತೆ, ವೇಗ ಬರುವ ಮೊದಲೇ ಮೂತಿ ಎತ್ತಿ ನೆಲ ಬಿಡುವುದು. ಆಗ ಗಾಳಿಯ ತಡೆ ಎಷ್ಟಿರುತ್ತದೆಂದರೆ ಫುಲ್ ಥ್ರಾಟಲ್ ಕೊಟ್ಟರೂ ಏರುವುದಿಲ್ಲ, ಪ್ರೊಪೆಲರಿನ ತಿರುಚಿಗೆ ವಾಲಿಕೊಂಡು ಮತ್ತೆ ಕೂರುತ್ತದೆ. ನೆಲದಿಂದ ನಾಲ್ಕಾರು ಅಡಿಯಲ್ಲೇ ಮೂತಿ ತಗ್ಗಿಸಿ ವೇಗ ಕೂಡಿಸಿಕೊಂಡು ಆಮೇಲೆ ಏರಬೇಕು. ಅಡ್ಡಗಾಳಿ, ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ನಿಧಾನಕ್ಕೆ ಸಾಗುವಾಗ) ಮುಂದಿಟ್ಟ ಸ್ಟಿಕ್ಕನ್ನು ಹಿಂದಕ್ಕೆಳೆಯಲು ಮರೆಯುವುದು, ಇವೂ ಕಾರಣವಾಗುತ್ತವೆ.

ನಮ್ಮ ಕಡೆಗೆ ಇನ್ನೊಂದು ಮಾತು. ಹಾಸನ, ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿವೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದರೆ ಎಂಜಿನ್ನಿಗೂ ಬ್ಲೇಡಿಗೂ ಸಿಗುವ ಗಾಳಿ 1800 ಮೀಟರ್ ಎತ್ತರದಲ್ಲಿರುವಷ್ಟು ತೆಳು, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಲೆಕ್ಕ. ಓಟ ಉದ್ದವಾಗುತ್ತದೆ, ಪೈಲಟ್ಟಿಗೆ ತಾಳ್ಮೆ ಕೆಡುತ್ತದೆ. ಕಲಿಯುವುದಾದರೆ ಬೆಳಗಿನ ತಂಪಿನಲ್ಲಿ, ಉದ್ದದ ರನ್‌ವೇಯಲ್ಲಿ, ಗುರುಗಳನ್ನು ಕೂರಿಸಿಕೊಂಡೇ ಕಲಿಯಿರಿ.

ಆ ವಿಡಿಯೋವನ್ನು ಇನ್ನೊಮ್ಮೆ ನಿಧಾನಕ್ಕೆ ಓಡಿಸಿ ನೋಡಿ. ಚಕ್ರ ನೆಲದಲ್ಲಿದ್ದಾಗಲೇ ಯಂತ್ರ ಅದುರಿ ಬ್ಲೇಡ್ ಬಾಲಕ್ಕೆ ತಾಗಿದ್ದರೆ ಮೊದಲನೆಯ ಕಾರಣ. ಮೂತಿ ಮೇಲೆತ್ತಿ ನೆಲ ಬಿಟ್ಟು ಆಮೇಲೆ ವಾಲಿದ್ದರೆ ಎರಡನೆಯದು. ಯಾವುದು ಕಂಡಿತೆಂದು ಇಲ್ಲೇ ಬರೆಯಿರಿ.